ಮಗಳಿಗೆ ಮೊದಲ ಟೆಲಿಸ್ಕೋಪ್: 525 ಪಟ್ಟು ಅಂತ ಬರೆದಿರುವುದನ್ನು ತೆಗೆದುಕೊಳ್ಳಲಾ?

ಸಾಧನಕೇರಿ ಅಮ್ಮ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಮಗಳಿಗೆ ಡಿಸೆಂಬರ್ ಕೊನೆಗೆ ಒಂಬತ್ತು ತುಂಬುತ್ತದೆ. 2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರಗ್ರಹಣ ಆಯಿತಲ್ಲ, ನಮ್ಮತ್ತೆ ಬೇಡ ಬೇಡ ಅನ್ನುತ್ತಿದ್ದರೂ ಅಪ್ಪನ ಜೊತೆ ತಾರಸಿಗೆ ಓಡಿ ಹೋಗಿ ಮೋಡದ ಸಂದಿಯಲ್ಲಿ ಕೆಂಪು ಚಂದ್ರನನ್ನು ನೋಡಿ ಬಂದಳು. ಅವತ್ತಿನಿಂದ ಒಂದೇ ಹಟ, ಟೆಲಿಸ್ಕೋಪ್ ಕೊಡಿಸು ಅಂತ. ಸೈಕಲ್ ಬೇಡವಂತೆ, ಹೊಸ ಬಟ್ಟೆಯೂ ಬೇಡವಂತೆ.

ನನಗೆ ಇದರ ಗಂಧಗಾಳಿ ಇಲ್ಲ. ಆನ್‌ಲೈನ್‌ನಲ್ಲಿ ಒಂದು ಕಂಡಿತು. ಡಬ್ಬದ ಮೇಲೆ ದೊಡ್ಡದಾಗಿ 525 ಪಟ್ಟು ಅಂತಿದೆ. ಮೂರು ಐಪೀಸ್ (ಕಣ್ಣಿಡುವ ಕಡೆ ಹಾಕುವ ಗಾಜಂತೆ), ಒಂದು ಬಾರ್ಲೋ, ಚಂದ್ರನ ಫಿಲ್ಟರ್, ಸೂರ್ಯನ ಫಿಲ್ಟರ್, ಬ್ಯಾಗು ಎಲ್ಲಾ ಸೇರಿ ಒಂಬತ್ತು ಸಾವಿರ ಚಿಲ್ಲರೆ. ಅದರ ಪಕ್ಕದಲ್ಲೇ ಇನ್ನೊಂದಿದೆ, ಬೆಲೆ ಸ್ವಲ್ಪ ಜಾಸ್ತಿಯೇ, ಆದರೆ ಎರಡೇ ಐಪೀಸ್, 70 ಪಟ್ಟು ಅಂತ ಮಾತ್ರ ಬರೆದಿದ್ದಾರೆ. 525 ಸಿಗುವಾಗ ಜಾಸ್ತಿ ದುಡ್ಡು ಕೊಟ್ಟು 70 ಯಾಕೆ ಅಂತ ಯಜಮಾನರ ಪ್ರಶ್ನೆ. ನನ್ನ ಬಜೆಟ್ ಹತ್ತು, ತೀರಾ ಅಂದರೆ ಹನ್ನೆರಡು ಸಾವಿರ. ಗೊತ್ತಿದ್ದವರು ಹೇಳಿ.

ತಾರಸಿವಾಸಿ (ರಾಜಾಜಿನಗರ)

ಆ 525ರದ್ದನ್ನು ಮುಟ್ಟಬೇಡಿ ಮೇಡಂ.

ಲೆಕ್ಕ ಸುಲಭ. ಟೆಲಿಸ್ಕೋಪಿನ ಫೋಕಲ್ ಲೆಂತನ್ನು (ಲೆನ್ಸಿನಿಂದ ಬೆಳಕು ಒಂದೆಡೆ ಕೂಡುವ ಜಾಗದವರೆಗಿನ ದೂರ) ಐಪೀಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಎಷ್ಟು ಪಟ್ಟು ಅಂತ ಸಿಗುತ್ತದೆ. ನೀವು ನೋಡಿದ್ದು 70 ಮಿ.ಮೀ. ಲೆನ್ಸಿನ, 700 ಮಿ.ಮೀ. ಫೋಕಲ್ ಲೆಂತ್‌ನದ್ದು ಇರಬೇಕು. ಅದಕ್ಕೆ 4 ಮಿ.ಮೀ. ಐಪೀಸ್ ಹಾಕಿದರೆ 175. ಮಧ್ಯೆ ಅದನ್ನು ಮೂರರಷ್ಟು ಮಾಡುವ ಬಾರ್ಲೋ ಲೆನ್ಸ್ ತುರುಕಿದರೆ 525. ಲೆಕ್ಕದಲ್ಲಿ ಸುಳ್ಳಿಲ್ಲ, ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ. ಲೆನ್ಸು ಎಷ್ಟು ಮಿ.ಮೀ. ಅಗಲ ಇದೆಯೋ ಅದರ ಎರಡರಷ್ಟು ಪಟ್ಟಿನವರೆಗೆ ಚಿತ್ರ ತಡೆಯುತ್ತದೆ. 70ಕ್ಕೆ ಹೆಚ್ಚೆಂದರೆ 140. ಅದು ದಾಟಿದರೆ ಪಾಸ್‌ಪೋರ್ಟ್ ಸೈಜ್ ಫೋಟೋವನ್ನು ಫ್ಲೆಕ್ಸ್ ಬ್ಯಾನರಿಗೆ ಹಿಗ್ಗಿಸಿದ ಹಾಗೆ, ಮುಖ ದೊಡ್ಡದಾಗುತ್ತದೆ, ಮೂಗೆಲ್ಲಿ ಬಾಯೆಲ್ಲಿ ಗೊತ್ತಾಗುವುದಿಲ್ಲ. ಗೆಲಿಲಿಯೋ 1610ರಲ್ಲಿ ಗುರುವಿನ ನಾಲ್ಕು ಚಂದ್ರರನ್ನು ಕಂಡಿದ್ದು ಸುಮಾರು 20 ಪಟ್ಟಿನ ಟೆಲಿಸ್ಕೋಪಿನಲ್ಲಿ, ಯಜಮಾನರಿಗೆ ಹೇಳಿ.

ಇಷ್ಟು ಖಾರವಾಗಿ ಹೇಳುತ್ತಿರುವುದು ಯಾಕೆಂದರೆ ನಾನೂ ಮೋಸ ಹೋದವನು. ಮಗ ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಮಾಲ್‌ನಲ್ಲಿ 50 ಮಿ.ಮೀ. ಟೆಲಿಸ್ಕೋಪ್ ಕೊಡಿಸಿದೆ, ಡಬ್ಬದ ಮೇಲೆ ಶನಿಯ ಬಣ್ಣದ ಫೋಟೋ. ರಾತ್ರಿ ಮಹಡಿಗೆ ತಂದರೆ ಟ್ರೈಪಾಡಿನ ಕಾಲು ಕಡ್ಡಿಯಂತಿತ್ತು. ಚಂದ್ರನನ್ನು ಹಿಡಿಯುವುದು, ಕೈ ಬಿಡುವುದು, ಚಂದ್ರ ಮಾಯ. ಫೋಕಸ್ ತಿರುಪು ಮುಟ್ಟಿದರೆ ಸಾಕು ಚಂದ್ರ ಯಕ್ಷಗಾನ ಕುಣಿಯುತ್ತಿತ್ತು. ಹದಿನೈದು ನಿಮಿಷಕ್ಕೆ ಮಗ "ಅಪ್ಪಾ, ಕೆಳಗೆ ಹೋಗೋಣ" ಅಂದ. ಅದು ಇವತ್ತಿಗೂ ಅಟ್ಟದ ಮೇಲಿದೆ.

ಸಾಧನಕೇರಿ ಅಮ್ಮ

ಅಯ್ಯೋ, ಒಳ್ಳೆಯದಾಯಿತು ಕೇಳಿದ್ದು. ಹಾಗಾದರೆ ಯಾವುದು?

ತಾರಸಿವಾಸಿ

ಟೇಬಲ್ ಮೇಲಿಡುವ ಡಾಬ್ಸೋನಿಯನ್. ನಾವು ಡಾಬ್ ಅನ್ನುತ್ತೇವೆ. ಜಾನ್ ಡಾಬ್ಸನ್ ಅಂತ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬರಿದ್ದರು, ಪ್ಲೈವುಡ್ಡಿನಿಂದ ಟೆಲಿಸ್ಕೋಪ್ ಮಾಡಿ ಫುಟ್‌ಪಾತ್ ಮೇಲಿಟ್ಟು ಹೋಗಿ ಬರುವವರಿಗೆಲ್ಲ ಆಕಾಶ ತೋರಿಸುತ್ತಿದ್ದರು, ಅವರು ಹಿಡಿದ ದಾರಿ ಇದು. ಟ್ರೈಪಾಡೇ ಇಲ್ಲ. ಬೀಸುಕಲ್ಲಿನ ಹಾಗೆ ತಿರುಗುವ ಒಂದು ಅಡಿಪಾಯ, ಮೇಲೊಂದು ಕೊಳವೆ. ತಳ್ಳಿದ ಕಡೆ ಹೋಗುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಆರು ವರ್ಷದ ಮಗುವೂ ನಡೆಸಬಹುದು.

ನನ್ನ ಹತ್ತಿರ ಈಗಿರುವುದು 130 ಮಿ.ಮೀ. ಕನ್ನಡಿಯದ್ದು, ಸ್ಕೈವಾಚರ್ ಹೆರಿಟೇಜ್. 70ರ ಲೆನ್ಸಿಗಿಂತ ಮೂರು ಪಟ್ಟಿಗೂ ಜಾಸ್ತಿ ಬೆಳಕು ಹಿಡಿಯುತ್ತದೆ. ನಿಮ್ಮ ಬಜೆಟ್ ದಾಟುತ್ತದೆ, ನಿಜ. ಸೆಕೆಂಡ್‌ಹ್ಯಾಂಡ್ ಹುಡುಕಿ. 76 ಮಿ.ಮೀ.ನ ಪುಟ್ಟ ಡಾಬ್ ಬಜೆಟ್ಟಿನೊಳಗೆ ಬರುತ್ತದೆ, ಚಂದ್ರನಿಗೆ ಪರವಾಗಿಲ್ಲ, ಆದರೆ ಪಟ್ಟು ಏರಿಸಿದರೆ ಮಸುಕಾಗುತ್ತದೆ.

ಕಡಲತಡಿ (ಮಂಗಳೂರು)

ತಾರಸಿವಾಸಿಯವರೇ, ಡಾಬ್ ಒಳ್ಳೆಯದು, ಒಪ್ಪಿದೆ. ಆದರೆ ಟೇಬಲ್ ಯಾರು ಹೊರುವುದು ಮಾರಾಯ್ರೇ? ಟೇಬಲ್ ಮೇಲಿಡುವುದು ಅಂದರೆ ಗಟ್ಟಿ ಟೇಬಲ್ ಬೇಕು. ಪ್ಲಾಸ್ಟಿಕ್ ಟೀಪಾಯಿ ಮೇಲಿಟ್ಟರೆ ನಿಮ್ಮ ಹಳೇ ಟ್ರೈಪಾಡಿಗಿಂತ ಕಡೆ.

ಇನ್ನೊಂದು, ರಿಫ್ಲೆಕ್ಟರಿನ (ಡಾಬ್‌ನಂಥ ಕನ್ನಡಿ ಟೆಲಿಸ್ಕೋಪ್) ಕನ್ನಡಿಯನ್ನು ಆಗಾಗ ನೇರ ಮಾಡಿಕೊಳ್ಳಬೇಕು, ಕಾಲಿಮೇಶನ್. ಹತ್ತು ನಿಮಿಷದ ಕೆಲಸ ಅಂತ ಗೊತ್ತಿದ್ದವರು ಹೇಳುತ್ತಾರೆ. ಅಮ್ಮನಿಗೆ ಗಂಧಗಾಳಿ ಇಲ್ಲ ಅಂತ ಅವರೇ ಬರೆದಿದ್ದಾರಲ್ಲ! ಮೇಲಾಗಿ ನಮ್ಮ ಕಡಲ ಕಡೆ ಮಳೆಗಾಲ ಅಂದರೆ ನಾಲ್ಕು ತಿಂಗಳು ಟೆಲಿಸ್ಕೋಪಿಗೆ ಸೆರೆವಾಸ. ನನ್ನ ಮೊದಲ ರಿಫ್ಲೆಕ್ಟರನ್ನು ಜೂನ್‌ನಲ್ಲಿ ಬೀರುವಿನಲ್ಲಿಟ್ಟು ಅಕ್ಟೋಬರ್‌ನಲ್ಲಿ ತೆಗೆದರೆ ಕನ್ನಡಿಯ ಮೇಲೆ ಜೇಡರ ಬಲೆಯ ಹಾಗೆ ಫಂಗಸ್. ಬುದ್ಧಿವಂತ ನಾನು ಏನು ಮಾಡಿದೆ? ಹಳೇ ಪಂಚೆಯ ತುಂಡು ತೆಗೆದುಕೊಂಡು ಗಸಗಸ ಒರೆಸಿದೆ. ಮನೆಯ ಕನ್ನಡಿಯಲ್ಲಿ ಹೊಳಪಿನ ಲೇಪ ಗಾಜಿನ ಹಿಂದೆ ಇರುತ್ತದೆ, ಟೆಲಿಸ್ಕೋಪಿನದರಲ್ಲಿ ಮುಂದೆಯೇ ಇರುತ್ತದೆ ಅಂತ ಆಮೇಲೆ ಗೊತ್ತಾಯಿತು. ಪಂಚೆ ಹೋದಲ್ಲೆಲ್ಲ ಗೆರೆ.

ನನ್ನ ಮತ 70 ಮಿ.ಮೀ. ರಿಫ್ರಾಕ್ಟರಿಗೆ, ಅಂದರೆ ಲೆನ್ಸಿನದ್ದಕ್ಕೆ. ನೀವು ನೋಡಿದ ಆ 70 ಪಟ್ಟಿನ, ಎರಡು ಐಪೀಸಿನದ್ದೇ. ಕೊಳವೆ ಮುಚ್ಚಿರುತ್ತದೆ, ಧೂಳು ಕಡಿಮೆ, ನೇರ ಮಾಡುವ ತಾಪತ್ರಯ ಇಲ್ಲ, ಹಗಲು ಹಕ್ಕಿಯನ್ನೂ ನೋಡಬಹುದು. ಆದರೆ ಫಂಗಸ್ ಲೆನ್ಸನ್ನೂ ಬಿಡುವುದಿಲ್ಲ, ತೇವ ಹೀರುವ ಸಿಲಿಕಾ ಜೆಲ್ ಮರೆಯಬೇಡಿ.

ತಾರಸಿವಾಸಿ

ಧಾರವಾಡ ಏನು ಮಂಗಳೂರಾ ಸರ್? ಅಲ್ಲಿ ಕನ್ನಡಿಗೆ ಅಷ್ಟೆಲ್ಲ ಫಂಗಸ್ ಬರುವುದಿಲ್ಲ. 70ರಲ್ಲಿ ಚಂದ್ರ, ಗುರು, ಶನಿ ಆಯಿತು, ಆಮೇಲೆ? ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಕತ್ತಿಯಲ್ಲಿರುವ ನೆಬ್ಯುಲಾವನ್ನು, ಅಂದರೆ ಹೊಳೆಯುವ ಅನಿಲದ ಮೋಡವನ್ನು, 130ರಲ್ಲಿ ಒಮ್ಮೆ ನೋಡಿದವರು 70ಕ್ಕೆ ವಾಪಸ್ ಹೋಗುವುದಿಲ್ಲ.

ಕಡಲತಡಿ

ಒಂಬತ್ತು ವರ್ಷದ ಮಗುವಿಗೆ ಚಂದ್ರ, ಗುರು, ಶನಿ ಅಂದರೆ ಕಡಿಮೆಯಾ? ನಿಮಗೆ ನಿಮ್ಮ ಎರಡನೇ ಟೆಲಿಸ್ಕೋಪಿನ ಮೇಲೆ ಪ್ರೀತಿ. ಅವರು ಕೇಳುತ್ತಿರುವುದು ಮೊದಲನೆಯದು.

ಹಳೇ ಮೇಷ್ಟ್ರು (ಚಳ್ಳಕೆರೆ ತಾಲ್ಲೂಕು)

ಇಬ್ಬರೂ ಸ್ವಲ್ಪ ನೀರು ಕುಡಿಯಿರಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ಶಾಲೆಯಲ್ಲಿ ಎರಡೂ ಇವೆ, 130ರ ಡಾಬೂ ಇದೆ, 70ರ ರಿಫ್ರಾಕ್ಟರೂ ಇದೆ. ಡಾಬನ್ನು ಅಂಗಳದ ಕಲ್ಲುಬೆಂಚಿನ ಮೇಲೆ ಇಡುತ್ತೇವೆ, ಭೂಕಂಪ ಆದರೂ ಅಲ್ಲಾಡುವುದಿಲ್ಲ. ನಮ್ಮ ಕಡೆ ಮಳೆ ಕಡಿಮೆ, ದೀಪವೂ ಕಡಿಮೆ, ಹಾಗಾಗಿ ಆಕಾಶ ಬೇಕಾದಷ್ಟು.

ಇಷ್ಟು ವರ್ಷ ಮಕ್ಕಳನ್ನು ನೋಡಿ ನನಗೆ ಅನ್ನಿಸಿದ್ದು ಒಂದೇ. ಕೊಳ್ಳುವ ಮೊದಲು ಅಮ್ಮ ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ: ಇದನ್ನು ತಾರಸಿಗೆ ಯಾರು ಹೊತ್ತುಕೊಂಡು ಹೋಗುತ್ತಾರೆ? ಮಗಳೇ ಎತ್ತಿಕೊಂಡು ಹೋಗಿ, ಮಗಳೇ ಇಟ್ಟು, ಮಗಳೇ ಚಂದ್ರನ ಕಡೆ ತಿರುಗಿಸುವಂತಿದ್ದರೆ ವಾರಕ್ಕೆ ಮೂರು ದಿನ ಹೊರಗೆ ಬರುತ್ತದೆ. ಅಪ್ಪ ಆಫೀಸಿನಿಂದ ಬಂದು ಜೋಡಿಸಬೇಕು ಅಂದರೆ ತಿಂಗಳಿಗೊಮ್ಮೆ. ಆಮೇಲೆ ಅಟ್ಟ. 130ರ ಡಾಬ್ ಆರೇಳು ಕೆಜಿ ಬರುತ್ತದೆ, ಗಾತ್ರವೂ ದೊಡ್ಡದು. ನಮ್ಮ ಒಂಬತ್ತನೇ ಕ್ಲಾಸಿನ ಹುಡುಗರು ಎತ್ತುತ್ತಾರೆ, ನಾಲ್ಕನೇ ಕ್ಲಾಸಿನ ಹುಡುಗಿ ಮೆಟ್ಟಿಲಿನ ಮೇಲೆ ಎತ್ತುವುದು ಬೇಡ. ನಿಮ್ಮ ಮನೆಗೆ ಎಷ್ಟು ಮೆಟ್ಟಿಲು ತಾಯಿ?

ಸಾಧನಕೇರಿ ಅಮ್ಮ

ತಾರಸಿಗೆ ಇಪ್ಪತ್ತೆರಡು ಮೆಟ್ಟಿಲು ಸರ್, ಅದೂ ಹೊರಗಿನ ಕಡಿದಾದ ಮೆಟ್ಟಿಲು. ಮೇಲೆ ಕಟ್ಟೆ ಬೆಂಚು ಏನೂ ಇಲ್ಲ, ಸಿಂಟೆಕ್ಸ್ ಟ್ಯಾಂಕು ಮತ್ತು ಹಪ್ಪಳ ಒಣಗಿಸುವ ಜಾಗ ಅಷ್ಟೇ.

ಹಳೇ ಮೇಷ್ಟ್ರು

ಹಾಗಾದರೆ 70 ತೆಗೆದುಕೊಳ್ಳಿ. ಒಂದೇ ಷರತ್ತು, ಟ್ರೈಪಾಡ್ ಕಬ್ಬಿಣದ ಕೊಳವೆಯದ್ದಿರಲಿ ಅಥವಾ ದಪ್ಪ ಅಲ್ಯೂಮಿನಿಯಂ ಇರಲಿ, ಮೌಂಟಿಗೆ (ಕೊಳವೆಯನ್ನು ಹಿಡಿದು ತಿರುಗಿಸುವ ಭಾಗ) ನಿಧಾನವಾಗಿ ತಿರುಗಿಸುವ ಎರಡು ಹಿಡಿ ಇರಲಿ. ಭೂಮಿ ತಿರುಗುತ್ತಿರುತ್ತದಲ್ಲ, 70 ಪಟ್ಟಿನಲ್ಲಿ ಗುರು ಎರಡು ಮೂರು ನಿಮಿಷಕ್ಕೆ ಕಣ್ಣಿನಿಂದ ಜಾರಿ ಹೋಗುತ್ತದೆ. ಹಿಡಿ ಇದ್ದರೆ ಒಂದು ಸುತ್ತು ತಿರುಗಿಸಿ ವಾಪಸ್ ತರಬಹುದು. ಭೂಮಿ ತಿರುಗುತ್ತದೆ ಅಂತ ಪಾಠದಲ್ಲಿ ನೂರು ಸಲ ಹೇಳಿದರೂ ನಂಬದ ಮಕ್ಕಳು ಇದನ್ನು ನೋಡಿ ನಂಬುತ್ತಾರೆ.

ಟ್ರೈಪಾಡಿನ ಕಾಲನ್ನು ಪೂರ್ತಿ ಎಳೆಯಬೇಡಿ. ನಡುವೆ ಒಂದು ಕೈಚೀಲ ನೇತುಹಾಕಿ ಎರಡು ಲೀಟರಿನ ನೀರಿನ ಬಾಟಲಿ ಇಡಿ, ಅರ್ಧ ಅಲ್ಲಾಟ ಅಲ್ಲೇ ಹೋಗುತ್ತದೆ.

ಹೊಸಬ (ದಾವಣಗೆರೆ)

ನಡುವೆ ಬಾಯಿ ಹಾಕುತ್ತಿದ್ದೇನೆ. ಇಕ್ವಟೋರಿಯಲ್ ಮೌಂಟ್ ಇರುವುದೇ ಒಳ್ಳೆಯದು, ದೊಡ್ಡವರೆಲ್ಲ ಅದನ್ನೇ ಬಳಸುತ್ತಾರೆ ಅಂತ ಅಂಗಡಿಯವರು ಹೇಳಿದರು. ತೂಕದ ಗುಂಡು ಎಲ್ಲಾ ಇರುತ್ತದಲ್ಲ, ಅದು.

ತಾರಸಿವಾಸಿ

ಫೋಟೋ ತೆಗೆಯುವವರಿಗೆ ಸರಿ. ಮಗುವಿಗೆ ಬೇಡವೇ ಬೇಡ. ಅದರ ಒಂದು ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಿ ಇಡಬೇಕು. ಧ್ರುವ ಬೆಂಗಳೂರಿನಲ್ಲಿ ದಿಗಂತದಿಂದ ಬರೀ 13 ಡಿಗ್ರಿ ಮೇಲೆ, ಧಾರವಾಡದಲ್ಲಿ 15. ನಮ್ಮ ಮನೆಯಲ್ಲಿ ಅದು ಎದುರುಮನೆಯವರ ನೀರಿನ ಟ್ಯಾಂಕಿನ ಹಿಂದೆ ಕೂತಿದೆ, ನಾನು ಇವತ್ತಿನವರೆಗೂ ನೋಡಿಲ್ಲ. ಅಗ್ಗದ ಮೌಂಟನ್ನು ಅಷ್ಟು ಕೆಳಗೆ ಬಾಗಿಸಿದರೆ ತೂಕದ ಗುಂಡು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಯುರೋಪಿನ ಆಕಾಶಕ್ಕೆ ಹೊಂದುವ ಹಾಗೆ ಮಾಡಿದ್ದನ್ನು ನಮಗೆ ಮಾರುತ್ತಾರೆ.

ಮತ್ತೆ ಮೇಷ್ಟ್ರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ, ಇಪ್ಪತ್ತೆರಡು ಕಡಿದಾದ ಮೆಟ್ಟಿಲಿಗೆ ಡಾಬ್ ಸೋತಿತು. 70ಕ್ಕೇ ನನ್ನ ಓಟು. ಮನಸ್ಸಿಲ್ಲದ ಮನಸ್ಸಿನಿಂದ.

ಕೃತ್ತಿಕೆ (ಶಿರಸಿ)

ಯಾರೂ ಬೈನಾಕ್ಯುಲರ್ ಬಗ್ಗೆ ಹೇಳಲೇ ಇಲ್ಲವಲ್ಲ! ನಮ್ಮ ಮನೆಯಲ್ಲಿ ಶುರುವಾಗಿದ್ದು 7 ಬೈ 50 (ಏಳು ಪಟ್ಟು, 50 ಮಿ.ಮೀ. ಲೆನ್ಸು) ಬೈನಾಕ್ಯುಲರಿನಿಂದ. ಬರಿಗಣ್ಣಿಗೆ ಆರೇಳು ಚುಕ್ಕೆಯಾಗಿ ಕಾಣುವ ಕೃತ್ತಿಕೆ ಅದರಲ್ಲಿ ಹೊಲಿಗೆಪೆಟ್ಟಿಗೆಯ ಟಿಕಳಿ ಚೆಲ್ಲಿದ ಹಾಗೆ ಕಾಣುತ್ತದೆ. ಟೆಲಿಸ್ಕೋಪಿನಲ್ಲಿ ಆ ಸೊಗಸಿಲ್ಲ, ಒಂದು ಸಲಕ್ಕೆ ಅಷ್ಟು ಅಗಲ ಹಿಡಿಯುವುದೇ ಇಲ್ಲ. ಗುರುವಿನ ಚಂದ್ರರೂ ಕಾಣುತ್ತವೆ, ಮೊಣಕೈಯನ್ನು ಗೋಡೆಗೆ ಊರಬೇಕು ಅಷ್ಟೇ. ಮಗುವಿಗೆ ಆಸಕ್ತಿ ಉಳಿಯದಿದ್ದರೆ ಪ್ರವಾಸಕ್ಕಾದರೂ ಬರುತ್ತದೆ.

ಸಾಧನಕೇರಿ ಅಮ್ಮ

ಅಕ್ಕಾ, ನೀವು ಹೇಳಿದ್ದು ಸರಿ ಅನ್ನಿಸುತ್ತದೆ. ಆದರೆ ಅವಳು ಟೆಲಿಸ್ಕೋಪ್ ಅಂತಲೇ ಕನವರಿಸುತ್ತಿದ್ದಾಳೆ. ಹುಟ್ಟುಹಬ್ಬದ ದಿನ ಬೈನಾಕ್ಯುಲರ್ ಕೊಟ್ಟರೆ ಮುಖ ಹೇಗಾಗುತ್ತದೆ ಅಂತ ನನಗೆ ಗೊತ್ತು.

ಕೃತ್ತಿಕೆ

ಅದೂ ನಿಜವೇ. ಮುಂದಿನ ಹುಟ್ಟುಹಬ್ಬಕ್ಕೆ ಇರಲಿ.

ಸಾಧನಕೇರಿ ಅಮ್ಮ

70ರದ್ದೇ ಅಂತ ತೀರ್ಮಾನ ಮಾಡಿದೆವು. ಜೊತೆಗೆ ಏನೇನು ಕೊಳ್ಳಬೇಕು? ಅಂಗಡಿಯವರು ದೊಡ್ಡ ಪಟ್ಟಿ ಕಳಿಸಿದ್ದಾರೆ.

ಹಳೇ ಮೇಷ್ಟ್ರು

ಪಟ್ಟಿ ಹರಿದು ಹಾಕಿ. ಮೊದಲ ತಿಂಗಳು ಏನೂ ಬೇಡ, ಬಂದಿದ್ದರಲ್ಲೇ ನೋಡಲಿ.

ಐಪೀಸ್ ಮೇಲೆ ಏನು ಬರೆದಿದೆ ಅಂತ ಮಾತ್ರ ಕೊಳ್ಳುವ ಮೊದಲೇ ಕೇಳಿ. ಎಚ್ 20, ಎಸ್‌ಆರ್ 4 ಅಂತಿದ್ದರೆ ಅವು ಓಬೀರಾಯನ ಕಾಲದ ವಿನ್ಯಾಸದವು, ಅಗ್ಗದ ಡಬ್ಬ ತುಂಬಿಸುವುದಕ್ಕೇ ಹಾಕುವುದು. ಎಸ್‌ಆರ್ 4ರಲ್ಲಿ ನೋಡುವುದೆಂದರೆ ಸೂಜಿ ಕಣ್ಣಿನಲ್ಲಿ ಇಣುಕಿದ ಹಾಗೆ, ರೆಪ್ಪೆಯೇ ಗಾಜಿಗೆ ಬಡಿಯುತ್ತದೆ. ಕೆಲ್ನರ್ ಅಥವಾ ಪ್ಲಾಸಲ್ ಇದ್ದರೆ ಒಳ್ಳೆಯದು. ಐಪೀಸಿನ ಕೊಳವೆ ಒಂದೂಕಾಲು ಇಂಚಿನದ್ದಿರಲಿ, ಅದಕ್ಕಿಂತ ಸಣ್ಣದು ಇದ್ದರೆ ಮುಂದೆ ಒಳ್ಳೆಯ ಐಪೀಸ್ ಕೊಂಡರೂ ಕೂರುವುದಿಲ್ಲ. ಎರಡು ಮೂರು ತಿಂಗಳಾದ ಮೇಲೂ ಅವಳ ಉತ್ಸಾಹ ಇದ್ದರೆ 6 ಮಿ.ಮೀ.ದು ಒಂದು ತೆಗೆದುಕೊಡಿ. ಗೋಲ್ಡ್‌ಲೈನ್ ಅಂತ ಕರೆಯುವ, ಸುತ್ತ ಚಿನ್ನದ ಗೆರೆ ಇರುವ ಐಪೀಸ್ ಕಡಿಮೆ ಬೆಲೆಯದು, ಕಣ್ಣಿಗೆ ಹಾಯಾಗಿರುತ್ತದೆ. 700ನ್ನು 6ರಿಂದ ಭಾಗಿಸಿ, 117 ಪಟ್ಟು ಆಯಿತಲ್ಲ. 140ರ ಮಿತಿಯೊಳಗೇ ಇದೆ.

ಬಾರ್ಲೋ ಬೇಡ. ಚಂದ್ರನ ಫಿಲ್ಟರ್ ಬೇಡ, ಕಣ್ಣು ಚುಚ್ಚಿದರೆ ತಾರಸಿಯ ದೀಪ ಹಾಕಿಕೊಂಡೇ ನೋಡಿ, ಸರಿ ಹೋಗುತ್ತದೆ. ಅವಳು ಕೂರುವುದಕ್ಕೆ ಒಂದು ಸ್ಟೂಲ್ ಬೇಕೇ ಬೇಕು. ಬಗ್ಗಿ ನಿಂತ ಮಗು ಎರಡು ನಿಮಿಷ ನೋಡುತ್ತದೆ, ಕೂತ ಮಗು ಇಪ್ಪತ್ತು ನಿಮಿಷ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಕತ್ತಲೆಗೆ ಒಗ್ಗಿದ ಕಣ್ಣು ಹಾಗೇ ಉಳಿಯುತ್ತದೆ. ಮೊಬೈಲಿಗೆ ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪ್ ಹಾಕಿಕೊಳ್ಳಿ.

ಫೈಂಡರನ್ನು (ಗುರಿ ಹಿಡಿಯಲು ಮೇಲೆ ಕೂರಿಸಿರುವ ಪುಟ್ಟ ಕೊಳವೆ) ಹಗಲಿನಲ್ಲೇ ಹೊಂದಿಸಿಕೊಳ್ಳಿ. ಎಲ್ಲರೂ ಇದನ್ನು ಬಿಟ್ಟು ರಾತ್ರಿ ಒದ್ದಾಡುತ್ತಾರೆ. ದೂರದ ಮೊಬೈಲ್ ಟವರಿನ ತುದಿಯನ್ನು ದೊಡ್ಡ ಕೊಳವೆಯಲ್ಲಿ ನಡುವೆ ತಂದುಕೊಂಡು, ಫೈಂಡರಿನ ತಿರುಪು ಬಿಗಿದು ಸಡಿಲಿಸಿ ಅದರಲ್ಲೂ ಅದೇ ತುದಿ ನಡುವೆ ಬರುವ ಹಾಗೆ ಮಾಡಿ. ಸೂರ್ಯನಿರುವ ದಿಕ್ಕಿಗೆ ಮಾತ್ರ ಬೇಡ.

ಕಡಲತಡಿ

ಸೂರ್ಯನ ಮಾತು ಬಂದಿದ್ದಕ್ಕೆ ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಡಬ್ಬದ ಜೊತೆ ಐಪೀಸಿಗೆ ತಿರುಗಿಸಿ ಹಾಕುವ ಸಣ್ಣ ಕಪ್ಪು ಗಾಜು ಬಂದರೆ, ಸೂರ್ಯನ ಫಿಲ್ಟರ್ ಅಂತ, ಅದನ್ನು ಅವತ್ತೇ ಸುತ್ತಿಗೆಯಿಂದ ಒಡೆದು ಕಸಕ್ಕೆ ಹಾಕಿ. ಲೆನ್ಸು ಸೇರಿಸಿದ ಬಿಸಿಲೆಲ್ಲ ಆ ಗಾಜಿನ ಮೇಲೇ ಬೀಳುತ್ತದೆ, ಕಾದು ಟಪ್ಪೆಂದು ಒಡೆದರೆ ಮುಂದಿನ ಕ್ಷಣ ಕಣ್ಣು. ಕಣ್ಣಿನ ಪರದೆಗೆ ನೋವೂ ಗೊತ್ತಾಗುವುದಿಲ್ಲ. ಸೂರ್ಯನನ್ನು ನೋಡಲೇಬೇಕೆಂದರೆ ಟೆಲಿಸ್ಕೋಪಿನ ಮುಂಬಾಯಿಗೆ ಪೂರ್ತಿ ಮುಚ್ಚುವ ಸೋಲಾರ್ ಫಿಲ್ಮ್ ಬೇಕು, ಫೈಂಡರಿಗೂ ಮುಚ್ಚಳ ಹಾಕಿರಬೇಕು, ದೊಡ್ಡವರು ಪಕ್ಕದಲ್ಲಿರಬೇಕು. 2019ರ ಡಿಸೆಂಬರ್ 26ರ ಕಂಕಣ ಗ್ರಹಣವನ್ನು ನಾವು ಮಂಗಳೂರಿನಲ್ಲಿ ಹಾಗೇ ನೋಡಿದ್ದು. 2027ರ ಆಗಸ್ಟ್ 2ಕ್ಕೆ ನಮ್ಮ ಕಡೆ ಪಾರ್ಶ್ವ ಗ್ರಹಣ ಇದೆ, ಅಷ್ಟು ಹೊತ್ತಿಗೆ ಫಿಲ್ಮ್ ಕೊಂಡರೆ ಸಾಕು.

ತಾರಸಿವಾಸಿ

ಇನ್ನೊಂದು ಮಾತು, ಮೊದಲೇ ಹೇಳಿದರೆ ಬೇಜಾರು ಕಡಿಮೆ. ಡಬ್ಬದ ಮೇಲಿನ ಬಣ್ಣದ ಫೋಟೋದ ಹಾಗೆ ಏನೂ ಕಾಣುವುದಿಲ್ಲ ಅಂತ ಮಗಳಿಗೆ ತಿಳಿಸಿ. ಗುರು ಅಂದರೆ ಎರಡು ಮಸುಕು ಪಟ್ಟಿಯ ಒಂದು ಬಟಾಣಿ. ಶನಿ ಈ ವರ್ಷ ಇನ್ನೂ ಬಡಪಾಯಿ. ಉಂಗುರದ ಅಂಚು 2025ರ ಮಾರ್ಚ್‌ನಲ್ಲಿ ನಮ್ಮ ಕಡೆ ತಿರುಗಿತ್ತು, ನವೆಂಬರ್‌ನಲ್ಲಿ ಮತ್ತೆ ತೀರಾ ತೆಳುವಾಗಿದೆ. ಸುಮಾರು 15 ವರ್ಷಕ್ಕೊಮ್ಮೆ ಹೀಗಾಗುತ್ತದೆ. ಚೆಂಡಿಗೆ ಸೂಜಿ ಚುಚ್ಚಿದ ಹಾಗೆ ಕಾಣುತ್ತದೆ ಅಷ್ಟೇ. ಇನ್ನು ಮೇಲೆ ವರ್ಷ ವರ್ಷ ತೆರೆದುಕೊಳ್ಳುತ್ತದೆ, 2032ಕ್ಕೆ ಪೂರ್ತಿ ಅಗಲ, ಆಗ ನಿಮ್ಮ ಮಗಳು ಕಾಲೇಜು ಮೆಟ್ಟಿಲಲ್ಲಿ ಇರುತ್ತಾಳೆ.

ಮತ್ತೆ ಹುಣ್ಣಿಮೆ ದಿನ ಚಂದ್ರನನ್ನು ತೋರಿಸಿ ಶುರು ಮಾಡಬೇಡಿ. ನೆರಳಿಲ್ಲದೆ ಸುಣ್ಣ ಬಳಿದ ಗೋಡೆಯ ಹಾಗಿರುತ್ತದೆ. ಚೌತಿಯಿಂದ ದಶಮಿವರೆಗೆ ಬೆಳಕು ಕತ್ತಲೆ ಸೇರುವ ಗೆರೆಯ ಮೇಲೆ ನೋಡಿ, ಗುಂಡಿಗಳ ನೆರಳು ಉದ್ದ ಬಿದ್ದಿರುತ್ತದೆ.

ಹಳೇ ಮೇಷ್ಟ್ರು

ಚೌತಿ ಚಂದ್ರ! ನಮ್ಮವರು ನೋಡಲೇಬಾರದು ಅಂತ ಇಟ್ಟ ಚಂದ್ರನೇ ಟೆಲಿಸ್ಕೋಪಿಗೆ ಭಾರಿ ಚೆನ್ನ. ಬರಿಗಣ್ಣಿನಲ್ಲಿ ನೋಡಿದ್ದಕ್ಕೇ ಕೃಷ್ಣನಿಗೆ ಶಮಂತಕ ಮಣಿಯ ಅಪವಾದ ಬಂತು, 28 ಪಟ್ಟಿನಲ್ಲಿ ನೋಡಿದರೆ ಎಷ್ಟು ಪಟ್ಟು ಬರುತ್ತದೆ ಸರ್ ಅಂತ ಒಬ್ಬ ಹುಡುಗ ಕೇಳಿದ್ದ. ಭಾದ್ರಪದದ್ದು ಒಂದು ಬಿಡಿ ಅಂದೆ, ವರ್ಷದಲ್ಲಿ ಇನ್ನೂ ಹನ್ನೊಂದು ಚೌತಿ ಇವೆ.

ಮಾರ್ಚ್ ಏಪ್ರಿಲ್ ಬಂದಾಗ ಸಪ್ತರ್ಷಿ ಮಂಡಲದ ಬಾಲದಲ್ಲಿ ವಸಿಷ್ಠನನ್ನು ತೋರಿಸಿ. ಮದುವೆಯಲ್ಲಿ ಪುರೋಹಿತರು ಮಟಮಟ ಮಧ್ಯಾಹ್ನ ಅರುಂಧತಿಯನ್ನು ತೋರಿಸುತ್ತಾರಲ್ಲ, ಆ ಜೋಡಿ. ಕಣ್ಣು ಚುರುಕಿದ್ದರೆ ಅರುಂಧತಿ ಬರಿಗಣ್ಣಿಗೇ ಪಕ್ಕದಲ್ಲಿ ಕಾಣುತ್ತಾಳೆ. ಟೆಲಿಸ್ಕೋಪ್ ಇಟ್ಟರೆ ವಸಿಷ್ಠನೇ ಎರಡಾಗುತ್ತಾನೆ. 70 ಮಿ.ಮೀ.ಗೆ ಸಲೀಸು. ಮೇ ತಿಂಗಳಲ್ಲಿ ದಕ್ಷಿಣಕ್ಕೆ ಒಮೆಗಾ ಸೆಂಟಾರಿ ಅಂತ ಲಕ್ಷಗಟ್ಟಲೆ ನಕ್ಷತ್ರದ ಉಂಡೆ ಬರುತ್ತದೆ. ಯುರೋಪಿನ ಬಹುಪಾಲು ಜನರಿಗೆ ಅದು ದಿಗಂತದ ಮೇಲೆ ಬರುವುದೇ ಇಲ್ಲ, ನಮಗೆ ಆರಾಮಾಗಿ ಕಾಣುತ್ತದೆ.

ದಾರಿಹೋಕ (ಉಡುಪಿ)

ಕೊಳ್ಳುವ ಮೊದಲು ಬೇರೆಯವರದ್ದರಲ್ಲಿ ಒಮ್ಮೆ ನೋಡಿ ಅಂತ ಯಾರೂ ಹೇಳಲಿಲ್ಲ. ನಮ್ಮೂರಿನ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಹವ್ಯಾಸಿ ಖಗೋಳ ಸಂಘ ಇದೆ, ಬೆಂಗಳೂರಿನಲ್ಲೂ ಹವ್ಯಾಸಿ ಸಂಘಗಳಿವೆ. ಧಾರವಾಡದಲ್ಲೂ ಯಾರಾದರೂ ಮೇಷ್ಟ್ರು ಇಟ್ಟುಕೊಂಡಿರುತ್ತಾರೆ, ವಿಚಾರಿಸಿ.

ಸಾಧನಕೇರಿ ಅಮ್ಮ

ಮೂರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. 70 ಮಿ.ಮೀ., 700ರದ್ದು, ಐಪೀಸ್ 25 ಮತ್ತು 10, ಎರಡು ಹಿಡಿಯ ಮೌಂಟು. ಹನ್ನೆರಡು ಸಾವಿರ ದಾಟಿತು ಸ್ವಲ್ಪ. ಹಗಲು ಮೊಬೈಲ್ ಟವರ್ ನೋಡಿ ಫೈಂಡರ್ ಹೊಂದಿಸಿದೆವು, ಅದಕ್ಕೇ ಒಂದು ಗಂಟೆ ಹಿಡಿಯಿತು, ಅವಳು ಟವರಿನ ಮೇಲೆ ಕೂತ ಹದ್ದನ್ನು ನೋಡುತ್ತಾ ನಮಗೆ ಬಿಟ್ಟುಕೊಡಲಿಲ್ಲ.

ಡಿಸೆಂಬರ್ 27ರ ಸಂಜೆ ಅರ್ಧ ಚಂದ್ರ, ಶನಿಯೂ ಅಲ್ಲೇ ಹತ್ತಿರದಲ್ಲಿತ್ತು, ಹುಡುಕುವ ಕೆಲಸವೇ ಬೀಳಲಿಲ್ಲ. ಅವಳೇ ಕೊಳವೆಯನ್ನು ಮಗು ಎತ್ತಿಕೊಂಡ ಹಾಗೆ ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದಳು, ನಾನು ಹಿಂದೆ ಟ್ರೈಪಾಡ್ ಹಿಡಿದು. ಚಂದ್ರನನ್ನು ನೋಡಿದವಳು ತುಂಬಾ ಹೊತ್ತು ಮಾತೇ ಆಡಲಿಲ್ಲ. ಆಮೇಲೆ "ಅಮ್ಮಾ, ಒಂದು ಗುಂಡಿ ಒಳಗೆ ಚುಕ್ಕೆ ಇದೆ, ಅದರ ನೆರಳೂ ಬಿದ್ದಿದೆ" ಅಂದಳು. ಮೇಷ್ಟ್ರು ಹೇಳಿದ ಆ್ಯಪಿನಲ್ಲಿ ಹುಡುಕಿದರೆ ಥಿಯೋಫಿಲಸ್ ಅಂತ, ಚುಕ್ಕೆ ಅಂದರೆ ನಡುವಿನ ಬೆಟ್ಟ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ. ಚಂದ್ರ ಎಡ ಬಲ ಅದಲು ಬದಲಾಗಿ ಕಾಣುತ್ತದೆ ಅಂತಲೂ ಅವಳೇ ಕಂಡುಹಿಡಿದಳು, ನನಗೆ ಗೊತ್ತೇ ಆಗಿರಲಿಲ್ಲ.

ನಮ್ಮತ್ತೆ ಮೇಲೆ ಬಂದರು, ಚಂದ್ರನನ್ನು ನೋಡಿದರು. ಶನಿ ಅಂದ ಕೂಡಲೇ ಎರಡು ಹೆಜ್ಜೆ ಹಿಂದೆ ಹೋದರು. "ಅಜ್ಜಿ, ಶನಿ ನಮ್ಮನ್ನ ನೋಡಬಾರದು, ನಾವು ಶನೀನ ನೋಡಬಹುದು" ಅಂತ ಇವಳು ಕೈ ಹಿಡಿದು ಎಳೆದಳು. ಒಂದು ಕಣ್ಣು ಮುಚ್ಚಿ ಇಣುಕಿದರು. "ಇಷ್ಟೇನಾ? ಇಷ್ಟು ಸಣ್ಣವನಿಗೆ ಏಳೂವರೆ ವರ್ಷ ಎಣ್ಣೆ ಹಾಕಿದೆನಲ್ಲ" ಅಂದರು.

ತಾರಸಿವಾಸಿ

ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ಎರಡು ವರ್ಷ ಆದ ಮೇಲೆ ದೊಡ್ಡದು ಬೇಕು ಅಂದರೆ ಮೊದಲು ನನ್ನನ್ನು ಕೇಳಿ, ಡಾಬ್ ಬಗ್ಗೆ ಇನ್ನೂ ನಾಲ್ಕು ಪುಟ ಬರೆಯುವುದಿದೆ.

ಕಡಲತಡಿ

ಐಪೀಸ್ ಜೊತೆ ಸಿಲಿಕಾ ಜೆಲ್ ಹಾಕಿಟ್ಟಿರಾ?

ಸಾಧನಕೇರಿ ಅಮ್ಮ

ಹಾಕಿದ್ದೇನೆ ಸರ್. ಗಾಳಿಯಾಡದ ಡಬ್ಬ ಬೇರೆ ಸಿಗಲಿಲ್ಲ, ಉಪ್ಪಿನಕಾಯಿ ಡಬ್ಬವನ್ನೇ ತೊಳೆದು ಒಣಗಿಸಿ ಇಟ್ಟೆ. ಎಷ್ಟು ತೊಳೆದರೂ ಐಪೀಸ್ ಕಣ್ಣಿಗಿಟ್ಟರೆ ಸ್ವಲ್ಪ ಇಂಗಿನ ವಾಸನೆ ಬರುತ್ತದೆ. ಅವಳಿಗೆ ಅದೇ ಇಷ್ಟವಂತೆ.